ದೊಡ್ಡಪ್ಪನ ರಾಣಿ ಪಾತ್ರ

ಮೊನ್ನೆ ಹುಣಸೂರಿನಲ್ಲಿ ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಕುಣಿದು ಬಂದ ಮಗುವಿನ ಮುಖದ ಬಣ್ಣವನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದಾಗ, ಬಣ್ಣ, ಎಣ್ಣೆ, ಬೆವರು ಬೆರೆತ ವಾಸನೆಗೆ ಕೈ ಹಾಗೇ ನಿಂತುಹೋಯಿತು. ಸುಗ್ಗಿ ಕಳೆದು ನಾಟಕ ಕಲಿಯುವ ದಿನಗಳಲ್ಲಿ, ರಾವಂದೂರಿನ ಹತ್ತಿರದ ನಮ್ಮ ತೊಟ್ಟಿಮನೆಯ ತುಂಬ ಇದೇ ವಾಸನೆ. ಅಂಥದ್ದೊಂದು ಮನೆ ನಿಮಗೂ ಇದ್ದಿರಬಹುದು. ಕಣ್ಣು ಮುಚ್ಚಿದರೆ ಸಾಕು, ಕಂಬ ಕಂಬವೂ ಕಾಣುವಂಥದ್ದು.

ನನ್ನ ದೊಡ್ಡಪ್ಪ ಹೊಲದಲ್ಲಿ ಎತ್ತಿನಂಥ ಆಳು, ಬಣ್ಣ ಹಚ್ಚಿದರೆ ರಾಣಿ. ಹೆಂಗಸರು ಸ್ಟೇಜು ಹತ್ತುವ ಕಾಲ ಅದಲ್ಲ. ನಾಟಕದ ರಾಜ ನರ್ತಕಿಯ ಮನೆಯಲ್ಲಿ ಬೇಕಾದಷ್ಟು ದಿನ ಇದ್ದು ಬರುತ್ತಾನೆ, ರಾಣಿ ಆರತಿ ಎತ್ತಿ ಒಳಗೆ ಕರೆದುಕೊಳ್ಳುತ್ತಾಳೆ. ಅದೇ ರಾಜನಿಗೆ ಯಾರೋ ಅವಳ ಮೇಲೆ ಚಾಡಿ ಹೇಳಿದ್ದಕ್ಕೆ, ತಾನು ಶೀಲವಂತೆ ಎಂದು ತೋರಿಸಲು ರಾಣಿ ವಿಷ ಕುಡಿಯುತ್ತಾಳೆ. ದೊಡ್ಡಪ್ಪ ಬಟ್ಟಲು ಹಿಡಿದು ಹಾಡಿದರೆ ಊರ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ತನ್ನ ಧಾರೆ ಸೀರೆಯನ್ನೇ ಗಂಡನಿಗೆ ಉಡಿಸಿ, ನೆರಿಗೆ ಹಿಡಿದುಕೊಟ್ಟು ಬರುತ್ತಿದ್ದ ದೊಡ್ಡಮ್ಮ ಮಾತ್ರ ಅಳುತ್ತಿರಲಿಲ್ಲ. ಹೊಗೆಸೊಪ್ಪು ಮಾರಲು ಹುಣಸೂರಿಗೆ ಹೋದಾಗಲೆಲ್ಲ ದೊಡ್ಡಪ್ಪ ಅಲ್ಲೊಬ್ಬಳ ಮನೆಯಲ್ಲಿ ಉಳಿಯುತ್ತಿದ್ದದ್ದು ಅವಳಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಒಂದು ವರ್ಷ ನಾಟಕ ಹತ್ತಿರ ಬಂದಾಗ ದೊಡ್ಡಪ್ಪನ ಗಂಟಲು ಕಟ್ಟಿತು. ಮಧ್ಯಾಹ್ನ ಹಾರ್ಮೋನಿಯಂ ಮೇಷ್ಟ್ರು ತೊಟ್ಟಿಯಲ್ಲಿ ಕೂತು ಪರದಾಡುತ್ತಿದ್ದರೆ, ಒಳಗೆ ರಾಗಿ ಬೀಸುತ್ತಿದ್ದ ದೊಡ್ಡಮ್ಮ ವಿಷದ ಹಾಡನ್ನು ಪೂರ್ತಿ ಹಾಡಿಬಿಟ್ಟಳು. ಬೀಸುಕಲ್ಲಿನ ಸದ್ದಿನ ಮೇಲೆ ತೇಲಿ ಬಂದ ಆ ದನಿಗೆ ನಾವು ಮಕ್ಕಳೂ ಆಟ ಬಿಟ್ಟು ನಿಂತೆವು. "ಇನ್ನೊಂದ್ಸಲ ಹೇಳಿ ತಾಯಿ," ಎಂದು ಮೇಷ್ಟ್ರು ಕೈಮುಗಿದರು. ಅವಳು ಹಾಡಿದಳು. ಆ ವಾರವೆಲ್ಲ ಮೇಷ್ಟ್ರು ಬಂದು ನುಡಿಸಿದರು, ಅವಳು ಹಾಡಿದಳು. ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಊರು ಆಡಿಕೊಂಡಿತು. ದೊಡ್ಡಪ್ಪ ಎಲ್ಲರೆದುರು ಕೇಳಿಯೇಬಿಟ್ಟ. "ಆ ಮೇಷ್ಟ್ರಿಗೂ ನಿಂಗೂ ಏನಮ್ಮೀ?"

ದೊಡ್ಡಮ್ಮ ಕೈಗಂಟಿದ್ದ ಹಿಟ್ಟನ್ನು ಒರೆಸಿಕೊಂಡಳು. "ಹುಣಸೂರಿಂದ ನೀವು ಬಂದಾಗೆಲ್ಲ ನೀರು ಕಾಯ್ಸಿ ಕೊಟ್ಟಿವ್ನಿ. ಒಂದ್ ಕಿತಾನಾದ್ರೂ ಕೇಳಿದ್ನಾ? ಇಸ ಕುಡ್ದು ತೋರ್ಸಾಕೆ ನಾನೇನು ನಿಮ್ ನಾಟ್ಕದ ರಾಣಿ ಅಲ್ಲ, ಬುಡಿ."

ಅಂದೇ ಅವಳು ಹಿಂದಿನ ಕೋಣೆಗೆ ಹೋಗಿ ಬೇರೆ ಒಲೆ ಹೂಡಿದಳು. ಮೇಷ್ಟ್ರು ಮತ್ತೆ ಬರಲಿಲ್ಲ. ನಾಟಕ ನಿಂತಿತು. ರಾಣಿ ಪಾತ್ರಕ್ಕೆಂದು ಯಾವತ್ತೂ ಮೀಸೆ ಬಿಡದಿದ್ದ ದೊಡ್ಡಪ್ಪ ಮೀಸೆ ಬಿಟ್ಟ. ಹುಣಸೂರಿನ ಮನೆಯೂ ಕ್ರಮೇಣ ತಪ್ಪಿಹೋಯಿತು. ದೊಡ್ಡಮ್ಮ ಎಲ್ಲರೊಡನೆ ನಗುತ್ತಿದ್ದಳು, ನಮ್ಮ ತಲೆ ಬಾಚುತ್ತಿದ್ದಳು. ಹಾಡಿದ್ದನ್ನು ಮಾತ್ರ ನಾನು ಮತ್ತೆ ಕೇಳಲಿಲ್ಲ.

ಕೊನೆಗೆ ದೊಡ್ಡಪ್ಪನಿಗೆ ಲಕ್ವ ಹೊಡೆದು ಮೈಯ ಒಂದು ಕಡೆ ಬಿದ್ದುಹೋಯಿತು. ಅವಳೇ ತಲೆ ಎತ್ತಿ ಹಿಡಿದು ಗಂಜಿ ಕುಡಿಸುತ್ತಿದ್ದಳು. "ಈ ಕಡೀಕೇ ಬಂದ್‌ಬುಡು ಕಣಮ್ಮಿ," ಎಂದು ತೊದಲಿದ. "ಕುಡೀರಿ, ಆರೋಯ್ತದೆ," ಎಂದಳು. ಬಾಯಿ ಒರೆಸಿದಳು, ಹೊದಿಕೆ ಸರಿಮಾಡಿದಳು, ಹಿಂದಿನ ಕೋಣೆಗೆ ಹೊರಟುಹೋದಳು.

ಈಗ ಇಬ್ಬರೂ ಇಲ್ಲ. ಮನೆ ಪಾಲಾಗಿ ತೊಟ್ಟಿಯ ಮೇಲೆ ತಾರಸಿ ಬಂದಿದೆ. ಅದರೊಳಗೆ ಒಂದು ಕಾಲಕ್ಕೆ ಎರಡು ಒಲೆ ಉರಿಯುತ್ತಿದ್ದವು ಎಂದು ಹೇಳಬಲ್ಲವಳು ಇನ್ನು ನಾನೊಬ್ಬಳೇ.