ಒಳಗಿನ ಚಿಲಕ

ಕಟ್ಟಡಗಳ ನಕ್ಷೆ ಬರೆಯುವ ಆ ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರಿಗೂ ಅವನು ಹುಷಾರಪ್ಪ. ಕಂಪ್ಯೂಟರಿನಲ್ಲಿ ಒಂದು ನಕ್ಷೆಯಿಂದ ಇನ್ನೊಂದಕ್ಕೆ ಏನನ್ನಾದರೂ ನಕಲು ಮಾಡಲು ಹೊರಟವರ ಬೆನ್ನ ಹಿಂದೆ ಬಂದು ನಿಂತು "ಹುಷಾರು" ಎನ್ನುವುದು ಅವನ ಚಾಳಿ. ಇಪ್ಪತ್ತೆರಡು ವರ್ಷ ಒಂದೇ ಮಾತು ಆಡಿದವನಿಗೆ ಅದೇ ಹೆಸರಾಗಿ ಅಂಟಿಕೊಂಡಿತು.

ಹೊಸ ಕಟ್ಟಡ ಬರೆಯುವ ಕೆಲಸ ಅವನ ಪಾಲಿಗೆ ಬರುತ್ತಿದ್ದುದು ಕಡಿಮೆ. ಬೇರೆಯವರು ಕೆಡಿಸಿಟ್ಟದ್ದನ್ನು ಸರಿಮಾಡುವುದೇ ಅವನ ಕಸುಬು. ಹೊರಗಿನ ಎಂಜಿನಿಯರು ಹೊಸ ಸಾಫ್ಟ್‌ವೇರಿನಲ್ಲಿ ಬರೆದು ಕಳಿಸಿದ ಫೈಲು ಇವರ ಹಳೆಯದರಲ್ಲಿ ತೆರೆಯುವುದಿಲ್ಲ; ತೆರೆದರೂ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿರುತ್ತವೆ. ಮೀಟರಿನಲ್ಲಿ ಬರೆದ ಮನೆಯನ್ನು ಇಂಚಿನ ನಕ್ಷೆಗೆ ಅಂಟಿಸಿದರೆ ಮನೆ ಬೆಂಕಿಪೊಟ್ಟಣದಷ್ಟಾಗುತ್ತದೆ. ಕೆಲವೊಮ್ಮೆ ಅಂಟಿಸಿದ್ದೇ ಕಾಣುವುದಿಲ್ಲ. ಆಗ ಕಚೇರಿಯ ಹುಡುಗಿಯರು "ಹುಷಾರಪ್ಪ, ಅಡುಗೆಮನೆ ಕಳೆದುಹೋಯ್ತು" ಎಂದು ಕೂಗುತ್ತಿದ್ದರು. ಅವನು ಬಂದು, ಪರದೆಯನ್ನು ಹಿಂದಕ್ಕೆ ಹಿಂದಕ್ಕೆ ಸರಿಸಿ, ಮೂಲೆಯಲ್ಲಿ ನೊಣದಷ್ಟು ಕಾಣುವ ಚುಕ್ಕೆ ತೋರಿಸಿ, "ಅಗೋ, ಊರಾಚೆ ಹೋಗಿ ಕೂತಿದೆ ನಿಮ್ಮ ಅಡುಗೆಮನೆ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವನ ದಿನದಲ್ಲಿ ನಗು ಇದ್ದುದು ಅಷ್ಟೇ ಹೊತ್ತು.

ಅವನು ನಿಜವಾಗಿ ಹೆದರುತ್ತಿದ್ದುದು ಮಾತ್ರ ಬೇರೆ ಒಂದಕ್ಕೆ. ನಕ್ಷೆಯಲ್ಲಿ ಬಾಗಿಲು, ಕಿಟಕಿ, ಕೈತೊಳೆಯುವ ತೊಟ್ಟಿ ಇವನ್ನೆಲ್ಲ ಯಾರೂ ಪ್ರತಿಸಲ ಹೊಸದಾಗಿ ಬರೆಯುವುದಿಲ್ಲ. ಒಂದು ಸಲ ಬರೆದು, ಹೆಸರಿಟ್ಟು, ಬೇಕಾದಲ್ಲೆಲ್ಲ ಇಟ್ಟುಕೊಳ್ಳುತ್ತಾರೆ. ಬೇರೆ ಕಚೇರಿಯ ಬಾಗಿಲೊಂದನ್ನು ತಂದು ನಿಮ್ಮ ನಕ್ಷೆಯಲ್ಲಿ ಅಂಟಿಸುವಾಗ, ಅದೇ ಹೆಸರಿನ ಬಾಗಿಲು ನಿಮ್ಮಲ್ಲಿ ಮೊದಲೇ ಇದ್ದರೆ, ಕಂಪ್ಯೂಟರು ಹೊಸದನ್ನು ಎಸೆದು ಹಳೆಯದನ್ನೇ ಅಲ್ಲಿ ನಿಲ್ಲಿಸಿಬಿಡುತ್ತದೆ. ಅದಕ್ಕೆ ಸದ್ದಿಲ್ಲ, ತಕರಾರಿಲ್ಲ. ಪರದೆಯ ಕೆಳಗೆ, ಇರುವೆಯಂಥ ಅಕ್ಷರಗಳಲ್ಲಿ ಒಂದೇ ಒಂದು ಸಾಲು ಬರುತ್ತದೆ: ಈ ಹೆಸರಿನದು ಈಗಾಗಲೇ ಇದೆ, ಹೊಸದನ್ನು ಬಿಡಲಾಗಿದೆ. ಮುಂದಿನ ಕೆಲಸ ಶುರುವಾದ ಕೂಡಲೇ ಅದೂ ಮೇಲಕ್ಕೆ ಸರಿದು ಮರೆಯಾಗುತ್ತದೆ.

"ಅಂಟಿಸೋ ಮುಂಚೆ ಹೆಸರು ಬದಲಾಯಿಸಿ. ಅಂಟಿಸಿದ ಮೇಲೆ ಕೆಳಗಿನ ಸಾಲು ಓದಿ. ಓದಿಯೂ ನಂಬಬೇಡಿ, ಅಳೆದು ನೋಡಿ," ಎಂದು ಅವನು ಹೊಸಬರಿಗೆಲ್ಲ ತಲೆ ಚಿಟ್ಟು ಹಿಡಿಯುವಷ್ಟು ಹೇಳುತ್ತಿದ್ದ.

ಮನೆಯಲ್ಲಿ ಇದ್ದವರು ಅವನು ಮತ್ತು ಅವನ ಅಕ್ಕ. ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು, ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು, ಅವ್ವ ಹೋದಮೇಲೆ ಅವನನ್ನು ಸಾಕಿದವಳು. ಮದುವೆಯ ಮಾತು ಬಂದಾಗಲೆಲ್ಲ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿ, ಕೊನೆಗೆ ಇಬ್ಬರದ್ದೂ ಆಗಲಿಲ್ಲ. ಮೂರು ವರ್ಷದ ಹಿಂದೆ ಅಕ್ಕನಿಗೆ ಲಕವಾ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಯಿತು. ಅಂದಿನಿಂದ ಗಾಲಿಕುರ್ಚಿ.

ಉಳಿದದ್ದಕ್ಕೆಲ್ಲ ಅಕ್ಕ ಹೇಗೋ ಒಗ್ಗಿಕೊಂಡಳು. ಸ್ನಾನಕ್ಕೆ ಮಾತ್ರ ಒಗ್ಗಲಿಲ್ಲ. ಹಳೆಯ ಬಾಡಿಗೆಮನೆಯ ಬಚ್ಚಲಿಗೆ ಎರಡು ಮೆಟ್ಟಿಲು. ತಮ್ಮನೇ ಎತ್ತಿಕೊಂಡು ಹೋಗಬೇಕು, ಸ್ಟೂಲಿನ ಮೇಲೆ ಕೂರಿಸಬೇಕು, ಕಣ್ಣು ಮುಚ್ಚಿಕೊಂಡು ನೀರು ಹಾಕಬೇಕು. ಆ ಹೊತ್ತಿನಲ್ಲಿ ಅವರಿಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ಕೆಲಸದವಳನ್ನು ಇಡೋಣ ಎಂದರೆ, "ನನ್ನ ನಾಚಿಕೆ ನೋಡೋಕೆ ನೀನೊಬ್ಬ ಸಾಲದೇ?" ಎನ್ನುತ್ತಿದ್ದಳು.

ಅವರ ಕಚೇರಿಗೆ ನಾಲ್ಕು ಮಹಡಿಯ ಮನೆಗಳ ಕೆಲಸವೊಂದು ಬಂದಾಗ, ಇಬ್ಬರ ಉಳಿತಾಯವನ್ನೂ ಕೂಡಿಸಿ ಅವನು ಕೆಳಗಿನ ಮೂಲೆಯ ಮನೆಯನ್ನು ಕೊಂಡ. ಕಟ್ಟಿಸುವ ಯಜಮಾನ ಒಳ್ಳೆಯವನು. "ಬಚ್ಚಲಿನ ಬಾಗಿಲು ನಿಮಗೆ ಬೇಕಾದಷ್ಟು ಅಗಲ ಮಾಡ್ಕೊಳ್ಳಿ. ಆದ್ರೆ ಗೋಡೆಗಳನ್ನ ಕಾರ್ಖಾನೇಲಿ ಕಾಂಕ್ರೀಟಿನ ಅಚ್ಚಿಗೆ ಹೊಯ್ದು ತರ್ತೀವಿ. ಹೊಯ್ದ ಮೇಲೆ ಯಾರೂ ಏನೂ ಮಾಡೋಕಾಗಲ್ಲ," ಎಂದ.

ಅವನು ನಕ್ಷೆಯ ಪ್ರತಿ ತಂದು ಅಕ್ಕನ ತೊಡೆಯ ಮೇಲೆ ಹರಡಿದ. ಅವಳು ಬಲಗೈ ಬೆರಳಿಂದ ಕೋಣೆ ಕೋಣೆ ದಾಟಿ ಬಚ್ಚಲಿಗೆ ಬಂದು ನಿಂತಳು.

"ಚಿಲಕ ಎಲ್ಲಿದೆ?"

"ನಕ್ಷೇಲಿ ಚಿಲಕ ಬರೆಯಲ್ಲ ಅಕ್ಕ."

"ಬೇರೆಯವರು ಬರೆಯದಿದ್ರೆ ಬಿಡಲಿ. ನನಗೆ ಕೂತಲ್ಲೇ ಕೈಗೆ ಸಿಗೋ ಹಾಗೆ ಒಳಗೊಂದು ಚಿಲಕ ಬೇಕು. ನಾನೇ ಕುರ್ಚಿ ತಳ್ಕೊಂಡು ಹೋಗ್ತೀನಿ, ನಾನೇ ಚಿಲಕ ಹಾಕ್ಕೋತೀನಿ. ನೀನು ಹೊರಗೆ ಪೇಪರ್ ಓದ್ತಾ ಕೂತಿರು."

ಅವತ್ತು ಅವಳು ತುಂಬಾ ದಿನದ ಮೇಲೆ ನಕ್ಕಳು.

ಕಾರ್ಖಾನೆಗೆ ನಕ್ಷೆ ಕಳಿಸುವ ಕೊನೆಯ ದಿನ. ಹೊರಗಿನ ಎಂಜಿನಿಯರು ಒಂದು ಆಸ್ಪತ್ರೆಯ ನಕ್ಷೆ ಕಳಿಸಿದ್ದ. ಅದರಲ್ಲಿ ಗಾಲಿಕುರ್ಚಿಗೆಂದೇ ಬರೆದ ಬಾಗಿಲಿತ್ತು, ಪೂರ್ತಿ ಒಂದು ಮೀಟರು ಅಗಲ, ಚೌಕಟ್ಟು ಸಮೇತ. ಆದರೆ ಆ ಫೈಲು ತೆರೆಯಲೇ ಇಲ್ಲ. ಹಳೆಯ ರೂಪಕ್ಕೆ ಇಳಿಸಿಕೊಂಡರೆ ಅರ್ಧ ಗೆರೆಗಳು ಮಾಯ. ಬೆಳಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಊಟವನ್ನೂ ಬಿಟ್ಟು ಗುದ್ದಾಡಿದ. ಕೊನೆಗೆ ನಕ್ಷೆ ಅಚ್ಚುಕಟ್ಟಾಗಿ ತೆರೆದುಕೊಂಡಾಗ ಅವನಿಗೆ ಕುಣಿಯುವಂತಾಯಿತು.

ಪಕ್ಕದ ಮೇಜಿನ ಹುಡುಗಿ "ನಾನು ಅಂಟಿಸಿ ಕೊಡ್ಲಾ?" ಎಂದು ಕೇಳಿದಳು. "ಬೇಡಮ್ಮ, ಇದು ನಮ್ಮಕ್ಕನ ಬಾಗಿಲು. ನನ್ನ ಕೈಯಿಂದಲೇ ಆಗ್ಲಿ," ಎಂದ. ನಕಲು ಮಾಡಿದ, ತಂದ, ಅಂಟಿಸಿದ. ನಕ್ಷೆಯಲ್ಲಿ ಬಾಗಿಲೆಂದರೆ ಒಂದು ಗೆರೆ, ಒಂದು ಕಾಲು ವೃತ್ತ. ಅಗಲದ ಬಾಗಿಲಿಗೂ ಕಿರಿದಾದ ಬಾಗಿಲಿಗೂ ನೋಡಲು ವ್ಯತ್ಯಾಸವಿಲ್ಲ. ಬಾಗಿಲು ಗೋಡೆಯಲ್ಲಿ ನಿಂತದ್ದೇ ತಡ, ಅವನು ಫೋನು ಎತ್ತಿಕೊಂಡ.

"ಅಕ್ಕ, ನಿನ್ನ ಬಾಗಿಲು ಇಟ್ಟೆ."

"ಚಿಲಕ?"

"ಅದನ್ನ ನಾನೇ ಬಡೀತೀನಿ ಬಿಡು."

ಮಾತಾಡುತ್ತಲೇ ಇನ್ನೊಂದು ಕೈಯಿಂದ ಫೈಲು ಉಳಿಸಿ, ಮುಚ್ಚಿ, ಕಾರ್ಖಾನೆಗೆ ಕಳಿಸಿಬಿಟ್ಟ.

ಏಳು ತಿಂಗಳ ಮೇಲೆ ಮನೆ ಕೈಗೆ ಬಂತು. ಬಾಗಿಲು ಕೂರಿಸಿದ ಸಂಜೆ ಕೆಲಸ ಮುಗಿಸಿ ಹೋದವನು, ಕರೆಂಟು ಬಾರದ ಮನೆಯಲ್ಲಿ ಟಾರ್ಚು ಹಿಡಿದು, ಅಕ್ಕನ ಭುಜದ ಎತ್ತರ ಲೆಕ್ಕ ಹಾಕಿ ಹಿತ್ತಾಳೆಯ ಚಿಲಕ ಬಡಿದ. ಚಿಲಕ ನೋಡಿದ, ಬಾಗಿಲು ನೋಡಲಿಲ್ಲ. ತನ್ನ ಕೈಯಿಂದಲೇ ಇಟ್ಟ ಬಾಗಿಲಲ್ಲವೇ, ಅದರಲ್ಲಿ ನೋಡುವುದೇನು ಎಂದುಕೊಂಡಿದ್ದ.

ಸಾಮಾನು ಸಾಗಿಸಿದ ದಿನ ಅಕ್ಕ ಬೇರೆ ಯಾವ ಕೋಣೆಯನ್ನೂ ನೋಡಲಿಲ್ಲ. ಟವೆಲು ತೊಡೆಯ ಮೇಲೆ ಇಟ್ಟುಕೊಂಡು, ಬಲಗೈಯಿಂದ ಗಾಲಿ ತಳ್ಳುತ್ತ, ಓರೆಯಾದಾಗಲೆಲ್ಲ ಬಲಗಾಲಿನಿಂದ ಸರಿಮಾಡಿಕೊಳ್ಳುತ್ತ ನೇರ ಬಚ್ಚಲಿಗೆ ಹೋದಳು. ಗಾಲಿ ಚೌಕಟ್ಟಿಗೆ ಬಡಿಯಿತು. ಹಿಂದೆ ಬಂದು ಇನ್ನೊಮ್ಮೆ ತಳ್ಳಿದಳು. ಮತ್ತೆ ಬಡಿಯಿತು.

"ಇದೇನೋ ಇದು?"

ಅವನು ಓಡಿಬಂದ. ಟೇಪು ತಂದು ಅಳೆದ. ಬಾಗಿಲಿನ ಸಂದು ಐವತ್ತೇಳು ಸೆಂಟಿಮೀಟರು. ಕುರ್ಚಿ ಅರವತ್ತನಾಲ್ಕು. ನಾಲ್ಕು ಬೆರಳಿನಷ್ಟು ಸಾಲದು.

"ಆ ಕಾರ್ಖಾನೆಯವರ ಕೈಗೆ ಏನು ಬಂತೋ," ಎಂದಳು ಅಕ್ಕ. ಅವನು ಟೇಪು ಸುತ್ತಿಟ್ಟ.

ಮರುದಿನ ಎಲ್ಲರಿಗಿಂತ ಮೊದಲೇ ಕಚೇರಿಗೆ ಹೋಗಿ ಆ ಫೈಲು ತೆರೆದ. ಬಾಗಿಲು ಅಳೆದ. ಎಪ್ಪತ್ತು. ಆಸ್ಪತ್ರೆಯ ನಕ್ಷೆ ತೆರೆದು ಅದರ ಬಾಗಿಲಿನ ಹೆಸರು ನೋಡಿದ: ಡಿ ಎರಡು. ತಮ್ಮ ನಕ್ಷೆಯ ಪಟ್ಟಿ ನೋಡಿದ. ಅಲ್ಲೂ ಡಿ ಎರಡು, ಮಾಮೂಲಿ ಬಚ್ಚಲಿನ ಕಿರಿಬಾಗಿಲು. ಚೌಕಟ್ಟು ಕಳೆದರೆ ಐವತ್ತೇಳು. ಆದರೂ ನಂಬಿಕೆ ಬಾರದೆ, ಅವತ್ತಿನಂತೆಯೇ ಇನ್ನೊಮ್ಮೆ ನಕಲು ಮಾಡಿ ಅಂಟಿಸಿದ. ಈ ಸಲ ಕಣ್ಣು ಕೆಳಗಿತ್ತು. ಈ ಹೆಸರಿನದು ಈಗಾಗಲೇ ಇದೆ, ಹೊಸದನ್ನು ಬಿಡಲಾಗಿದೆ.

ಊರಿಗೆಲ್ಲ ಓದಿಸಿದ ಸಾಲು ಅದು. ಅವತ್ತು ಅದು ಬಂದು ಹೋದಾಗ ಅವನು ಫೋನಿನಲ್ಲಿ ಅಕ್ಕನಿಗೆ ಚಿಲಕದ ಮಾತು ಕೊಡುತ್ತಿದ್ದ. ಖಾಲಿ ಕಚೇರಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು.

ಕಟ್ಟಿಸಿದ ಯಜಮಾನ ಬಂದು ಗೋಡೆ ತಟ್ಟಿ ನೋಡಿ ತಲೆಯಾಡಿಸಿದ. "ಇದರ ಮೇಲೆ ಮೂರು ಮಹಡಿ ನಿಂತಿದೆ, ಚೌಕಟ್ಟೂ ಗೋಡೆ ಜೊತೆಗೇ ಹೊಯ್ದಿದ್ದು. ಮುಟ್ಟೋ ಹಾಗಿಲ್ಲ," ಎಂದ. ಕಿರಿದಾದ ಕುರ್ಚಿಯೊಂದನ್ನು ತರಿಸಿ ನೋಡಿದ್ದೂ ಆಯಿತು. ಅದರಲ್ಲಿ ಅಕ್ಕ ಎಡಕ್ಕೆ ವಾಲಿ ಜಾರುತ್ತಿದ್ದಳು.

ಆ ಸಂಜೆ ಅವನು ಅಕ್ಕನ ಎದುರು ಕೂತು, "ಕಾರ್ಖಾನೆಯವರ ತಪ್ಪಲ್ಲ. ನಾನೇ ಮಾಡಿದ್ದು. ಹೆಸರು ಬದಲಾಯಿಸಲಿಲ್ಲ, ಅಳೀಲೂ ಇಲ್ಲ," ಎಂದ. ಹೇಗೆ ಏನು ಎಂದು ಎಲ್ಲವನ್ನೂ ಬಿಡಿಸಿ ಹೇಳಿದ. ಗಣಿತದ ಟೀಚರು, ನಡುವೆ ಬಾಯಿ ಹಾಕದೆ ಕೇಳಿದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಎಲ್ಲರದ್ದೂ ಅಳೆದು ನೋಡ್ತಿದ್ದೆ ನೀನು," ಎಂದಳು ಕೊನೆಗೆ. "ನನ್ನದೊಂದು ಬಿಟ್ಟೆ."

ಕಚೇರಿಯಲ್ಲಿ ಅವನು ಈಗಲೂ ಫೈಲು ರಿಪೇರಿ ಮಾಡುತ್ತಾನೆ. ಆದರೆ ಯಾರ ಬೆನ್ನ ಹಿಂದೆಯೂ ಹೋಗಿ ನಿಲ್ಲುವುದಿಲ್ಲ. ಹೆಸರು ಮಾತ್ರ ಹೋಗಿಲ್ಲ. "ಹುಷಾರಪ್ಪ" ಎಂದು ಕರೆದಾಗಲೆಲ್ಲ ಎದ್ದು ಹೋಗುತ್ತಾನೆ, ಸರಿಮಾಡುತ್ತಾನೆ, ಬಂದು ಕೂರುತ್ತಾನೆ.

ಹೊಸ ಮನೆಯಲ್ಲಿ ದಿನಾ ಬೆಳಗ್ಗೆ ಅವನು ಕುರ್ಚಿಯನ್ನು ಬಚ್ಚಲಿನ ಹೊರಗೆ ನಿಲ್ಲಿಸಿ, ಅಕ್ಕನನ್ನು ಎತ್ತಿಕೊಂಡು ಓರೆಯಾಗಿ ಒಳಗೆ ಹೋಗುತ್ತಾನೆ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ಕಣ್ಣು ಮುಚ್ಚಿಕೊಂಡು ನೀರು ಹಾಕುತ್ತಾನೆ. ಮೊದಲ ವಾರದಲ್ಲಿ ಒಂದು ದಿನ ಅವಳು, "ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಲ್ಲು," ಎಂದಳು. ಅವನು ಹೊರಗೆ ಬಂದು ಬಾಗಿಲು ಎಳೆದುಕೊಂಡ. ಒಳಗೆ ಚಿಲಕ ಬಿದ್ದ ಸದ್ದಾಯಿತು.

ಅವನು ಖಾಲಿ ಕುರ್ಚಿಯನ್ನು ಹಿಡಿದುಕೊಂಡು ನಿಂತ. ನೀರಿನ ಸದ್ದಿಲ್ಲ, ಮಾತಿಲ್ಲ. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು.

"ಬಾ," ಎಂದಳು ಅಕ್ಕ. "ಎತ್ಕೋ."