ಕಾಕಾ ಹಿಗ್ಗಿಸಿದ ಇಂಜಿನ್ನು

ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣದ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ಮಾಳಮಡ್ಡಿಯ ನಮ್ಮ ಮನೆಯ ಹಿತ್ತಲು ಕಣ್ಣೆದುರು ಬಂದು ನಿಲ್ಲುತ್ತದೆ. ಬೇರೆಯವರಿಗೆ ಬಾಲ್ಯ ಅಂದರೆ ಮಲ್ಲಿಗೆಯ ಘಮವೋ ಹೊಸ ಮಳೆಯ ಮಣ್ಣೋ ಇರಬಹುದು; ನನ್ನ ಪಾಲಿಗೆ ಬಂದದ್ದು ಇದು, ಏನು ಮಾಡಲಿ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅಜ್ಜ ಬಿಟ್ಟುಹೋದ ಹಳೇ ಕಾರು ಬಾನೆಟ್ಟು ತೆರೆದುಕೊಂಡು ನಿಂತಿರುತ್ತಿತ್ತು. ಪಕ್ಕದಲ್ಲಿ ಸೀಮೆಎಣ್ಣೆಯ ಡಬ್ಬಿಗೆ ಕೈ ಅದ್ದಿಕೊಂಡು ಕುಕ್ಕರಗಾಲಲ್ಲಿ ಕೂತಿರುತ್ತಿದ್ದವನು ನನ್ನ ಕಾಕಾ, ಅಪ್ಪನ ಒಬ್ಬನೇ ತಮ್ಮ. ಮನೆಯೊಳಗೆ ಒಲೆ ಒಂದೇ. ಅಪ್ಪ, ಅವ್ವ, ಕಾಕಾ, ಅವನ ಹೆಂಡತಿ ಕಾಕು, ಅಪ್ಪನ ತಾಯಿಯಾದ ಆಯಿ, ಎರಡೂ ಕಡೆಯ ಮಕ್ಕಳಾದ ನಾವು, ಎಲ್ಲರೂ ಉಣ್ಣುತ್ತಿದ್ದದ್ದು ಒಂದೇ ಪಾತ್ರೆಯ ಸಾರು. ಯಾರು ಯಾರ ಮಕ್ಕಳು ಎಂದು ಹೊರಗಿನವರು ಕೇಳಿದಾಗ ಮಾತ್ರ ನಮಗೆ ನೆನಪಾಗುತ್ತಿತ್ತು.

ಅಪ್ಪನದು ಅಮರಗೋಳದ ಮಾರ್ಕೆಟ್ಟಿನಲ್ಲಿ ಹತ್ತಿಯ ದಲಾಲಿ, ಕಾಕಾನದು ಹುಬ್ಬಳ್ಳಿಯಲ್ಲಿ ಕಬ್ಬಿಣ ಕಡೆಯುವ ಲೇಥ್ ಅಂಗಡಿ. ತೊಂಬತ್ತರ ದಶಕದ ನಡುವೆ ನಾವು ಮಕ್ಕಳು ಉದ್ದಗಲ ಬೆಳೆದೆವು, ಕಾರು ಮಾತ್ರ ಹಾಗೇ ಉಳಿಯಿತು. ಒಮ್ಮೆ ಮದುವೆಗೆಂದು ಎಲ್ಲರೂ ತುಂಬಿಕೊಂಡು ಹುಬ್ಬಳ್ಳಿಗೆ ಹೊರಟಾಗ, ನವಲೂರಿನ ಹತ್ತಿರದ ಏರಿನಲ್ಲಿ ಅದು ಉಸಿರು ಬಿಟ್ಟುಬಿಟ್ಟಿತು. ಹೆಂಗಸರು ಇಳಕಲ್ ಸೀರೆಯ ಸೆರಗು ಸಿಕ್ಕಿಸಿಕೊಂಡು ಕಾರಿನ ಹಿಂದೆ ನಡೆದರು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಇಣುಕಿ ನಕ್ಕರು. ಮನೆಗೆ ಬಂದ ಮೇಲೆ ಅಪ್ಪ ಹೇಳಿದ: "ಇನ್ನ ಸಾಕು. ಇದನ್ನ ಮಾರಿ ಎರಡು ಸಣ್ಣ ಗಾಡಿ ತಗೊಳ್ಳೂಣು. ನಿಮ್ಮದು ನಿಮಗ, ನಮ್ಮದು ನಮಗ." ಕಾಕಾನ ಮುಖ ಸಣ್ಣದಾಯಿತು. ಗಾಡಿ ಎರಡಾದರೆ ಒಲೆ ಎರಡಾಗಲು ಬಹಳ ಹೊತ್ತು ಬೇಕಿಲ್ಲ ಎಂದು ಅವನಿಗೆ ಆಗಲೇ ಹೊಳೆದಿತ್ತು. "ಅಣ್ಣಾ, ದಸರಾತನಕ ತಡೀರಿ. ಎಲ್ಲಾರೂ ಕುಂತರೂ ಈ ಏರು ಹತ್ತೂವಂಗ ಮಾಡತೇನಿ," ಅಂದ. ಅಪ್ಪ ಒಪ್ಪಿದ.

ಇಂಜಿನ್ನಿನ ಹೊಟ್ಟೆಯಲ್ಲಿ ಕ್ರ್ಯಾಂಕು ಎಂಬ ಅಂಕುಡೊಂಕಿನ ದಂಡ ಇರುತ್ತದೆ. ಅದು ತಿರುಗಿದಂತೆ ಪಿಸ್ಟನ್ನುಗಳು ಮೇಲೆ ಕೆಳಗೆ ಆಡುತ್ತವೆ. ಆ ಡೊಂಕು ಇನ್ನಷ್ಟು ಹೊರಚಾಚಿದ್ದರೆ ಪಿಸ್ಟನ್ನು ಇನ್ನಷ್ಟು ದೂರ ಓಡಾಡುತ್ತದೆ, ಅದೇ ಇಂಜಿನ್ನು ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು ಎಳೆದುಕೊಂಡು ಹೆಚ್ಚು ಭಾರ ಎಳೆಯುತ್ತದೆ. "ಉದ್ದ ದಮ್ಮು ತಗೊಂಡರ ಏರು ಹತ್ತಾಕ ಬರತದಿಲ್ಲೋ, ಹಂಗ," ಎಂದು ಕಾಕಾ ನಮಗೆ ಬಿಡಿಸಿ ಹೇಳಿದ್ದ. ದೊಡ್ಡ ಇಂಜಿನ್ನೊಂದರ ಕ್ರ್ಯಾಂಕು ತಂದು, ತನ್ನ ಲೇಥಿನ ಮೇಲೆ ತಿದ್ದಿ ತೀಡಿ ನಮ್ಮ ಕಾರಿಗೆ ಕೂರಿಸಿದ. ಆದರೆ ಮೊದಲಿಗಿಂತ ಮೇಲಕ್ಕೆ ಬರುವ ಪಿಸ್ಟನ್ನು, ಅದರ ನೆತ್ತಿಯ ಮೇಲೆ ತೆರೆದು ಮುಚ್ಚುವ ವಾಲ್ವುಗಳಿಗೆ ತಾಗಬಾರದಲ್ಲ. ನಡುವೆ ಎಷ್ಟು ಜಾಗ ಇದೆ ಎಂದು ನೋಡಲು ಅವನದೇ ಒಂದು ಪದ್ಧತಿ ಇತ್ತು. ರೊಟ್ಟಿಗೆ ನಾದಿದ ಜೋಳದ ಹಿಟ್ಟನ್ನು ಪಿಸ್ಟನ್ನಿನ ತಲೆಗೆ ಮೆತ್ತಿ, ಹೆಡ್ಡು ಎಂಬ ಮೇಲಿನ ಮುಚ್ಚಳ ಕೂರಿಸಿ, ಇಂಜಿನ್ನನ್ನು ಕೈಯಿಂದ ತಿರುಗಿಸುತ್ತಿದ್ದ. ಆಮೇಲೆ ಬಿಚ್ಚಿ, ಹಿಟ್ಟು ಎಷ್ಟು ತೆಳ್ಳಗಾಗಿದೆ ಎಂದು ಅಳೆಯುತ್ತಿದ್ದ. ಜೋಳದ ಹಿಟ್ಟು ಒತ್ತಿದರೆ ಒತ್ತಿದ ಹಾಗೇ ಇರುತ್ತದೆ.

ಮಹಾನವಮಿಯ ದಿನ ಆ ಕೆಲಸ ಮುಗಿಸಬೇಕೆಂದಿದ್ದ. ಅಷ್ಟರಲ್ಲಿ ಆಯಿ ನಟ್ಟು ಬಿಚ್ಚುವ ಅವನ ಪಾನಾಗಳನ್ನೆಲ್ಲ ತೊಳೆದು, ವಿಭೂತಿ ಹಚ್ಚಿ, ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ದೇವರ ಮುಂದೆ ಇಟ್ಟುಬಿಟ್ಟಿದ್ದಳು. ಪೂಜೆಗೆ ಕೂತ ಹತಾರವನ್ನು ಮರುದಿನದ ಪೂಜೆಯಾಗುವವರೆಗೆ ಎತ್ತುವಂತಿಲ್ಲ. ದಸರೆಯ ಬೆಳಿಗ್ಗೆ ಪಾನಾ ಕೈಗೆ ಸಿಕ್ಕಾಗ ಕಾಕಾ ಅಡುಗೆಮನೆಗೆ ಓಡಿ ಬಂದು ಹಿಟ್ಟು ಕೇಳಿದ. "ಹಬ್ಬದ ದಿನಾ ರೊಟ್ಟಿ ಯಾರು ಬಡೀತಾರ? ಜ್ವಾಳದ ಡಬ್ಬಿ ಮುಟ್ಟಬ್ಯಾಡ್ರಿ," ಎಂದು ಆಯಿ ಗದರಿದಳು. ಅವನ ಮುಖ ನೋಡಲಾರದೆ ಅವ್ವ ಹೋಳಿಗೆಗೆ ನಾದಿಟ್ಟ ಕಣಕದಲ್ಲಿ ಒಂದು ಉಂಡೆ ಮುರಿದು ಕೊಟ್ಟಳು. ಕಾಕಾ ಅದನ್ನೇ ಮೆತ್ತಿ, ತಿರುಗಿಸಿ, ಬಿಚ್ಚಿ ಅಳೆದ. ಜಾಗ ಬೇಕಾದಷ್ಟಿದೆ ಎಂದು ಕಂಡಿತು. ಹೆಡ್ಡು ಬಿಗಿದ.

ಸಂಜೆ ಬನ್ನಿ ಎಲೆ ಕೊಡಲು ಹುಬ್ಬಳ್ಳಿಯಲ್ಲಿದ್ದ ಅತ್ತಿಯ, ಅಪ್ಪನ ತಂಗಿಯ, ಮನೆಗೆ ಎಲ್ಲರೂ ಹೊರಟೆವು, ಒಬ್ಬರ ತೊಡೆಯ ಮೇಲೆ ಒಬ್ಬರು. ಕಾಕಾ ನಡೆಸುತ್ತಿದ್ದ. ನವಲೂರಿನ ಏರು ಬಂತು. ಕಾರು ಏರತೊಡಗಿತು, ಖರೇನೇ ಏರತೊಡಗಿತು, ಮೊದಲೆಂದೂ ಏರದ ಹುಮ್ಮಸ್ಸಿನಲ್ಲಿ. "ಶಾಬಾಸ್ ತಮ್ಮಾ!" ಎಂದು ಅಪ್ಪ ಕಾಕಾನ ಹೆಗಲು ತಟ್ಟಿದ. ಅಪ್ಪ ಹಾಗೆ ಅವನ ಮೈಮುಟ್ಟಿ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಕೊನೆ. ಏರು ಇನ್ನೇನು ಮುಗಿಯಬೇಕು, ಒಳಗೆ ಕಬ್ಬಿಣಕ್ಕೆ ಕಬ್ಬಿಣ ಕುಟ್ಟಿದ ಸದ್ದಾಯಿತು, ಕಾರು ನಿಂತೇಬಿಟ್ಟಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಛಲೋ ಇತ್ತು. ಸುಮ್ಮನೆ ಒಂದು ಟೆಂಪೋ ನಿಲ್ಲಿಸಿ ಅವ್ವನನ್ನೂ ನಮ್ಮನ್ನೂ ಹತ್ತಿಸಿಕೊಂಡು ಹೊರಟ. ಕಾಕಾ, ಕಾಕು, ಅವರ ಮಕ್ಕಳು ಕಾರಿನ ಹತ್ತಿರವೇ ಉಳಿದರು. ಆಯಿ ಯಾರ ಜೊತೆ ಹೋಗಬೇಕೆಂದು ತಿಳಿಯದೆ ರಸ್ತೆಯ ನಡುವೆ ನಿಂತಿದ್ದಳು.

ಮರುದಿನ ಕಾರನ್ನು ಎಳೆಸಿಕೊಂಡು ಬಂದು ಹೆಡ್ಡು ಬಿಚ್ಚಿದಾಗ ನಾನು ಅಲ್ಲಿದ್ದೆ. ವಾಲ್ವು ಬಾಗಿತ್ತು, ಪಿಸ್ಟನ್ನಿನ ತಲೆ ಒಡೆದಿತ್ತು. ಕಾಕಾ ಎದ್ದುಹೋಗಿ ಉಳಿದ ಕಣಕದ ಚೂರು ತಂದು, ಬೆರಳಿನಿಂದ ಒತ್ತಿ ಬಿಟ್ಟ. ಎಣ್ಣೆ ಕುಡಿದು ಮೆದುವಾಗಿದ್ದ ಕಣಕ ನಮ್ಮ ಕಣ್ಣೆದುರೇ ಮೆಲ್ಲಗೆ ಮತ್ತೆ ಉಬ್ಬಿತು. ಒಳಗೂ ಹೀಗೇ ಉಬ್ಬಿ, ಇಲ್ಲದ ಜಾಗವನ್ನು ಇದೆ ಎಂದು ತೋರಿಸಿತ್ತು. ಕಾಕಾ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ವೈನಿ ಮುಂದ, ನಿಮ್ಮವ್ವನ ಮುಂದ, ಇದನ್ನ ಹೇಳಬ್ಯಾಡವಾ. ಪಾಪ, ಅಂತಃಕರಣದಿಂದ ಕೊಟ್ಟಾರ," ಅಂದ. ಅಪ್ಪ ಬಂದು ಏನಾಯಿತೆಂದು ಕೇಳಿದಾಗ, "ನನ್ನ ಲೆಕ್ಕಾ ತಪ್ಪಿತ್ರಿ ಅಣ್ಣಾ," ಎಂದಷ್ಟೇ ಹೇಳಿದ. ಅಪ್ಪ ತಲೆಯಾಡಿಸಿ ಒಳಗೆ ಹೋದ.

ಕಾರು ಗುಜರಿಗೆ ಹೋಯಿತು. ಯುಗಾದಿಯ ಹೊತ್ತಿಗೆ ಕಾಕಾನ ಸಂಸಾರ ಹುಬ್ಬಳ್ಳಿಗೆ ಹೋಯಿತು. ಜಗಳವಾಗಲಿಲ್ಲ, ಯಾರೂ ದನಿ ಏರಿಸಲಿಲ್ಲ. ಪಾತ್ರೆಗಳನ್ನು ಹಂಚುವಾಗ ಅವ್ವ, ಕಾಕು ಇಬ್ಬರೂ ನೀವೇ ಇಟ್ಟುಕೊಳ್ಳಿರೆಂದು ಒಬ್ಬರ ಕಡೆ ಒಬ್ಬರು ಸರಿಸಿ ಸರಿಸಿ ಅತ್ತರು. ಮುಂದಿನ ದಸರೆಗೆ ಅವರು ಬಸ್ಸಿನಲ್ಲಿ ಬಂದರು. ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಎಲ್ಲರಿಗೂ ಬನ್ನಿ ಕೊಟ್ಟು, ಅಪ್ಪನ ಕಾಲು ಮುಟ್ಟಿ, ಪಡಸಾಲೆಯ ಕುರ್ಚಿಯ ತುದಿಯಲ್ಲಿ ಕೂತ. ಹುಟ್ಟಿದಾಗಿನಿಂದ ಆ ಮನೆಯ ಕೊಡದಲ್ಲಿ ತಾನೇ ತಂಬಿಗೆ ಅದ್ದಿ ಕುಡಿದವನು ಅವತ್ತು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಕೂತಲ್ಲಿಂದಲೇ, "ವೈನಿ, ಕುಡಿಯಾಕ ಒಂಚೂರು ನೀರು ಕೊಡತೀರೇನ್ರಿ?" ಎಂದು ಕೇಳಿದ.

ತರುತ್ತೇನೆಂದು ಒಳಗೆ ಹೋದ ಅವ್ವ ಬಹಳ ಹೊತ್ತು ಹೊರಗೆ ಬರಲಿಲ್ಲ.