ಮೆಲಾಹತ್ ಅಕ್ಕನ ‘ಕೊಲಾಯ್’

ರಿಝೆ ಸೀಮೆಯ ಚಹಾತೋಟದ ಇಳಿಜಾರಿನ ಮೆಲಾಹತ್ ಅಕ್ಕನಿಗೆ ಲೋಕದಲ್ಲಿ ಯಾವುದೂ ಕಷ್ಟವಲ್ಲ. ಎಲ್ಲವೂ ‘ಕೊಲಾಯ್’, ಅಂದರೆ ಸುಲಭ. ನೆರೆಮನೆಯ ಒಲೆ ಹೊಗೆಯುಗುಳಿದರೆ ‘ಕೊಲಾಯ್’ ಎಂದು ತೋಳೇರಿಸುತ್ತಾಳೆ. ಹಸು ಕಂದಕಕ್ಕೆ ಬಿದ್ದರೂ ಅದೇ ಮಾತು, ಮುನಿದ ಬೀಗರನ್ನು ಒಟ್ಟಿಗೆ ಊಟಕ್ಕೆ ಕೂರಿಸುವಾಗಲೂ ಅದೇ. ಬೆಟ್ಟ ಸರಿಸು ಎಂದರೆ ‘ಎಷ್ಟು ದೂರ?’ ಎಂದಷ್ಟೇ ಕೇಳುವವಳು ಎಂದು ಊರು ನಗುತ್ತದೆ. ಕಳೆದ ಚಳಿಗಾಲದಲ್ಲಿ ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಯಿತು. ಈಗ ಬೆಳಿಗ್ಗೆ ತಲೆವಸ್ತ್ರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಎಡಗೈಯಿಂದ ಗಂಟು ಹಾಕುತ್ತಾಳೆ. ಜಾರಿದರೆ ಮತ್ತೆ ಹಾಕುತ್ತಾಳೆ. ಮೊನ್ನೆ ಸೊಸೆ ನೆವಿನ್ ನೋಡಲಾರದೆ, “ಕೊಡಿ ಅತ್ತೆ, ನಾನು ಕಟ್ತೀನಿ” ಎಂದಳು. “ಕೈ ತೆಗಿಯೇ! ಕಷ್ಟ ಅಂತ ನಂಗೂ ಗೊತ್ತು,” ಎಂದಳು ಅತ್ತೆ, ಜೀವಮಾನದಲ್ಲೇ ಮೊದಲ ಬಾರಿಗೆ. ಸೊಸೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಗಂಟು ನಿಲ್ಲುವಷ್ಟರಲ್ಲಿ ಗಿಡಗಳ ಮೇಲೆ ಬಿಸಿಲೇರಿತ್ತು. ಮೆಲಾಹತ್ ಬುಟ್ಟಿಯನ್ನು ಎಡಭುಜಕ್ಕೇರಿಸಿ ಇಳಿಜಾರಿಗೆ ಹೊರಟಳು.